ಮೇಲ್ಮನೆಗೆ ಹೋದ ಎಮ್ಮೆ ಮಸೂದೆ

ವರ್ಷಕ್ಕೆ ಒಂದಾದರೂ ಇಂಥದ್ದು ನನಗೆ ಗಂಟುಬೀಳದೆ ಬಿಡುವುದಿಲ್ಲ. ರಾಯಬಾಗ ತಾಲೂಕಿನಲ್ಲಿ ಕೃಷ್ಣಾ ಹೊಳೆ ದಂಡೆಯ ಊರೊಂದರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ದಿನಾ ಚಿಕ್ಕೋಡಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ನಾನು ಕಲಿಸಿದ್ದನ್ನು ಮಕ್ಕಳು ಮರೆತರೆ ನನಗೇನೂ ಬೇಸರವಿಲ್ಲ, ಅದು ರೂಢಿಯಾಗಿದೆ. ಯಾರಾದರೂ ನೆನಪಿಟ್ಟುಕೊಂಡು ಮನೆಗೆ ಒಯ್ದರೆ ಮಾತ್ರ ನನ್ನ ಎದೆ ಧಸಕ್ಕೆನ್ನುತ್ತದೆ.

ಹೋದ ವರ್ಷ ಹಾಗೆ ಮನೆಗೆ ಹೋದದ್ದು ರಾಜ್ಯಸಭೆಯ ಪಾಠ. ನಲವತ್ತು ನಿಮಿಷದ ಆ ಪಾಠ ಒಂದು ಎಮ್ಮೆಯ ಹಣೆಬರಹಕ್ಕೆ ತಗಲಿಕೊಂಡಿತು. ಎಮ್ಮೆ ಮನೆಯಲ್ಲಿ ಉಳಿಯುತ್ತದೋ ಸಂತೆಗೆ ಹೋಗುತ್ತದೋ ಎಂಬ ಚಿಂತೆಯಲ್ಲಿ ಆರು ತಿಂಗಳು ನನ್ನ ಬಿ.ಪಿ. ಇಳಿಯಲಿಲ್ಲ. ನನ್ನದಲ್ಲದ ಎಮ್ಮೆ, ನಾನು ಒಂದು ಚಮಚ ಹಾಲೂ ಕುಡಿಯದ ಎಮ್ಮೆ.

೧. ಮಾಳಿಗೆ

ಒಂಬತ್ತನೇ ತರಗತಿ. ಬೋರ್ಡಿನ ಮೇಲೆ ಎರಡಂತಸ್ತಿನ ಮನೆ ಬರೆದೆ. ಕೆಳಗೆ ‘ಲೋಕಸಭೆ, ಕೆಳಮನೆ’, ಮೇಲೆ ‘ರಾಜ್ಯಸಭೆ, ಮೇಲ್ಮನೆ’. ಚಿತ್ರ ಬರೆದು ಹೇಳಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಏನು ತಿಳಿಯುತ್ತದೆ ಎಂದು ಹೇಳಿರಲಿಲ್ಲ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ನಮ್ಮ ಕಡೆ ಶಿಕ್ಷಕಿಗೆ ಬಾಯಾರು ಅನ್ನುತ್ತಾರೆ.

“ಬಾಯಾರ, ನಮ್ಮ ಮನಿನೂ ಹಿಂಗ ಐತ್ರಿ. ಮ್ಯಾಲಿನ ಮನ್ಯಾಗ ಆಯಿ ಒಬ್ಬಾಕಿ ಇರ್ತಾಳ.”

ಆಯಿ ಎಂದರೆ ಅವಳ ಅಪ್ಪನ ತಾಯಿ. ಊರಿಗೆ ಹೊಳೆ ನುಗ್ಗಿದ ವರ್ಷ ಮಾಳಿಗೆ ಹತ್ತಿದವಳು, ನೀರು ಇಳಿದರೂ ತಾನು ಇಳಿದಿಲ್ಲವಂತೆ. ದಿನಕ್ಕೆ ಎರಡು ಹೊತ್ತು ಎಮ್ಮೆಯ ಚಾಕರಿಗೆಂದು ಕೆಳಗೆ ಬರುತ್ತಾಳೆ, ಮತ್ತೆ ಮೇಲೆ ಹೋಗಿ ಕೂರುತ್ತಾಳೆ.

“ಕೆಳಗ ಯಾರ್ಯಾರು ಇರ್ತೀರಿ?” ಎಂದೆ.

“ಅಪ್ಪ, ಅವ್ವ, ಕಾಕಾ, ಕಾಕು, ನಾನು. ನಿನ್ನೆ ಕೆಳಗ ಕುಂತು ಆಯಿ ಎಮ್ಮಿ ಮಾರೂದಂತ ಠರಾವ ಮಾಡ್ಯಾರ್ರಿ. ಎಮ್ಮಿ ಗೊಡ್ಡಾಗೈತಿ, ಕುಂತ ತಿಂತೈತಿ ಅಂತ ಅಪ್ಪ ಅಂದ. ಕೊಟ್ಟಿಗಿ ಕೆಡವಿ ಆ ಜಾಗಾದಾಗ ಕಾರ್ ನಿಲ್ಲಸ್ತಾರಂತ.”

ಅವರಪ್ಪ ನಿಪ್ಪಾಣಿಯಿಂದ ಹಳೆಯದೊಂದು ಕಾರು ತಂದಿದ್ದು ಊರಿಗೆಲ್ಲ ಗೊತ್ತಿತ್ತು. ಹುಡುಗಿ ಮುಂದುವರಿಸಿದಳು:

“ಕೆಳಮನಿ ಅಷ್ಟ ಪಾಸ್ ಮಾಡಿದ್ರ ಕಾಯದೆ ಆಗ್ತೈತೇನ್ರಿ?”

ಪಾಠದ ಭರದಲ್ಲಿದ್ದೆ. “ಇಲ್ಲವಾ, ಎರಡೂ ಮನಿ ಒಪ್ಪಬೇಕು. ಮ್ಯಾಲಿನ ಮನಿ ಒಪ್ಪದ ಕಾಯದೆ ಆಗಂಗಿಲ್ಲ” ಎಂದೆ. ಭೇಷಾದ ಪ್ರಶ್ನೆ ಎಂದು ಅವಳಿಗೆ ಚಪ್ಪಾಳೆಯನ್ನೂ ಹೊಡೆಸಿದೆ. ಆಗ ನನಗೆ ಎಮ್ಮೆಯ ನೆನಪೇ ಇರಲಿಲ್ಲ.

ಮರುದಿನ ಪ್ರಾರ್ಥನೆಗೆ ಮೊದಲೇ ಹುಡುಗಿ ಓಡಿ ಬಂದಳು.

“ಬಾಯಾರ, ನೀವು ಹೇಳಿದ್ದು ಹೇಳಿದ್ನಿ, ಆಯಿ ಮಸೂದಿ ತಡದ್ಲ್ರಿ. ಇದನ್ನ ನಿನಗ ಯಾರ ಹೇಳಿದ್ರು ಅಂತ ಅಪ್ಪ ಕೇಳಿದ. ಭಾರತ ಸರ್ಕಾರದವ್ರು ಹೇಳಿ ಕಳಸ್ಯಾರ ಅಂದ್ಲು ಆಯಿ.”

ನನಗೆ ಸಂಬಳ ಕೊಡುವುದು ರಾಜ್ಯ ಸರ್ಕಾರ. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು ಎಂದು ತಿಳಿಯದೆ ಜನಗಣಮನಕ್ಕೆ ಹೋಗಿ ನಿಂತೆ.

೨. ಕಿಟಕಿ

ನಾಲ್ಕು ದಿನ ಬಿಟ್ಟು ಸಂಜೆ ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ದಾರಿಯಲ್ಲೇ ಅವರ ಮನೆ. ತಲೆಯ ಮೇಲಿಂದ ದನಿ ಬಂತು.

“ಬಾಯಾರ ಅಂದ್ರ ನೀವ ಏನು?”

ಕತ್ತೆತ್ತಿ ನೋಡಿದೆ. ಮಾಳಿಗೆಯ ಕಿಟಕಿಯಲ್ಲಿ ಮುದುಕಿಯ ಮುಖ. ಕಿಟಕಿಯ ಸರಿಯಾಗಿ ಕೆಳಗೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಎಮ್ಮೆ. ನಾನು ಇಬ್ಬರಿಗೂ ಸೇರಿಸಿ ನಮಸ್ಕಾರ ಮಾಡಿದಂತಾಯಿತು.

“ಮ್ಯಾಲಿನ ಮನಿಯವ್ರು ಇಳದು ಬಂದು ಮಾತಾಡಬೇಕಂತ ನಿಮ್ಮ ಕಾಯದೆದಾಗ ಐತೇನ್ರಿ?”

“ಹಂಗೇನ ಇಲ್ರಿ ಆಯಿ.”

“ಹಂಗಾರ ಇಲ್ಲಿಂದನ ಕೇಳ್ತೀನಿ. ಇವರ ಮಸೂದಿಗೆ ನಾ ಹೂಂ ಅನ್ನಂಗಿಲ್ಲ, ಊಂಹೂಂನೂ ಅನ್ನಂಗಿಲ್ಲ. ಸುಮ್ನ ಕುಂದರ್ತೀನಿ. ಎಷ್ಟ ದಿನ ಕುಂದರಾಕ ಬರ್ತೈತಿ?”

ನನ್ನ ಬಾಯಿ ಒಂದು ಪಠ್ಯಪುಸ್ತಕ. ತೆರೆದರೆ ಉತ್ತರ ತಾನಾಗಿ ಬೀಳುತ್ತದೆ. “ಆರ ತಿಂಗಳ್ರಿ. ಆಮ್ಯಾಲ ಎರಡೂ ಮನಿ ಕೂಡಿ ಜಂಟಿ ಅಧಿವೇಶನ ಕರೀತಾರ. ಅಲ್ಲಿ ತಲಿ ಎಣಸ್ತಾರ. ಕೆಳಮನ್ಯಾಗ ಮಂದಿ ಜಾಸ್ತಿ ಇರೂದ್ರಿಂದ ಅವರ ಗೆಲ್ತಾರ. ಮೇಲ್ಮನಿ ತಡಾ ಮಾಡಬಹುದು, ತಡ್ಯಾಕ ಬರಂಗಿಲ್ರಿ.”

ಹೇಳಿದ ಮೇಲೆ ನನಗೇ ಕೆಟ್ಟೆನಿಸಿತು. ಇಪ್ಪತ್ತು ವರ್ಷದಿಂದ ಎರಡು ಅಂಕದ ಪ್ರಶ್ನೆಗೆ ಹೇಳಿಕೊಟ್ಟ ಮಾತು. ಒಬ್ಬ ಮುದುಕಿಯ ಮುಖ ನೋಡುತ್ತ ಎಂದೂ ಹೇಳಿರಲಿಲ್ಲ. ಆದರೆ ಆಕೆ ಬೆರಳಿನ ಗೆಣ್ಣು ಮುಟ್ಟಿ ಮುಟ್ಟಿ ಏನನ್ನೋ ಎಣಿಸಿ, “ಆರ ಸಾಕು” ಎಂದಳು. ಏನು ಎಣಿಸಿದಳೆಂದು ನನಗೆ ಗೊತ್ತಾಗಲಿಲ್ಲ.

ಆಮೇಲೆ ಎಮ್ಮೆಯತ್ತ ಕೈ ತೋರಿಸಿ ತಾನಾಗಿಯೇ ಹೇಳಿದಳು: “ಹೊಳಿ ಬಂದಾಗ ಮಕ್ಕಳು ನನ್ನ ಹೊತ್ತು ಮ್ಯಾಲ ತಂದ್ರು. ಟಿ.ವಿ. ತಂದ್ರು, ಗೋದಿ ಚೀಲ ತಂದ್ರು. ಇಕಿನ್ನ ಮರ್ತ್ರು. ಕಣ್ಣಿ ಹರಕೊಂಡು ಬಂದು ಕುತಿಗಿಮಟಾ ನೀರಾಗ ಈ ಕಿಟಕಿ ಕೆಳಗ ನಿಂತ್ಲು, ಒಂದ ಇಡೀ ಹಗಲ. ನಾ ಇಲ್ಲಿಂದ ಮಾತಾಡ್ಕೋತ ಕುಂತ್ನಿ. ಮಾತ ನಿಲ್ಲಿಸಿದ್ರ ಹೊಳಿಕಡೆ ಮಾರಿ ತಿರುವ್ತಿದ್ಲು. ಅದಕ್ಕ ನಿಲ್ಲಸಲಿಲ್ಲ.”

ಈ ಎಮ್ಮೆ ಹೋದರೆ ಈ ಮುದುಕಿ ಆ ಕಿಟಕಿಯಲ್ಲಿ ಯಾರಿಗಾಗಿ ಕೂರಬೇಕು ಎಂದು ಯೋಚಿಸಿದೆ. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: “ಇಡೀ ಹಗಲ ಏನ ಮಾತಾಡಿದ್ರಿ ಆಯಿ?”

“ಸೊಸೆಂದ್ರ ಸುದ್ದಿ” ಎಂದಳು. “ಒಂದ ದಿನದಾಗ ಮುಗೀಲಿಲ್ಲ ನೋಡ್ರಿ.”

೩. ವಿಸರ್ಜನೆ

ಗಣಪತಿ ಹಬ್ಬ ಮುಗಿದ ವಾರ ಕಿರುಪರೀಕ್ಷೆ ಇಟ್ಟೆ. ‘ರಾಜ್ಯಸಭೆಯನ್ನು ಶಾಶ್ವತ ಸದನ ಎನ್ನಲು ಕಾರಣವೇನು?’ ಅದನ್ನು ವಿಸರ್ಜನೆ ಮಾಡಲು ಬರುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಭಾಗ ಸದಸ್ಯರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಬೇರೆಯವರು ಬರುತ್ತಾರೆ, ಸದನ ನಡೆದೇ ಇರುತ್ತದೆ. ಮೂರು ಸಲ ಬರೆಸಿದ್ದೆ.

ಮೊದಲ ಪೇಪರಿನಲ್ಲಿ ಹೀಗಿತ್ತು: ‘ನಮ್ಮ ಗಲ್ಲಿಯ ಗಣಪತಿಯನ್ನು ಐದನೇ ದಿನ ವಿಸರ್ಜನೆ ಮಾಡುತ್ತಾರೆ. ಲೋಕಸಭೆಯನ್ನು ಐದನೇ ವರ್ಷ ವಿಸರ್ಜನೆ ಮಾಡುತ್ತಾರೆ. ರಾಜ್ಯಸಭೆ ಬಹಳ ದೊಡ್ಡದಿರುವುದರಿಂದ ಬಾವಿಯಲ್ಲಿ ಮುಳುಗುವುದಿಲ್ಲ.’

ಎರಡನೆಯದರಲ್ಲಿ: ‘ವಿಸರ್ಜನೆಯು ಮೂತ್ರಪಿಂಡದ ಕೆಲಸವಾಗಿದೆ. ರಾಜ್ಯಸಭೆಗೆ ಮೂತ್ರಪಿಂಡ ಇರುವುದಿಲ್ಲ.’

ಪೇಪರು ಹಿಡಿದು ಹೆಡ್‌ಮಾಸ್ತರರ ಕೋಣೆಗೆ ಹೋದೆ. ಅವರು ಮೂಲತಃ ವಿಜ್ಞಾನದವರು. ಕನ್ನಡಕ ಏರಿಸಿ ಓದಿ, “ಎರಡನೇದಕ್ಕ ಅರ್ಧ ಮಾರ್ಕ್ಸ ಕೊಡ್ರಿ. ನನ್ನ ಪಾಠ ನೆನಪಿಟ್ಟಾನ” ಎಂದರು.

ಆಯಿಯ ಮೊಮ್ಮಗಳ ಉತ್ತರ ಬೇರೆಯೇ ಇತ್ತು. ‘ರಾಜ್ಯಸಭೆಯು ನಮ್ಮ ಆಯಿಯ ಬಾಯಿ ಇದ್ದಂತೆ. ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಭಾಗ ಹಲ್ಲು ನಿವೃತ್ತಿಯಾಗುತ್ತವೆ. ಆದರೆ ಬಾಯಿ ಎಂದೂ ಮುಚ್ಚುವುದಿಲ್ಲ.’ ಪೂರ್ತಿ ಅಂಕ ಕೊಟ್ಟೆ. ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಇನ್ನೊಂದು ಸಾಲು ಇತ್ತು: ‘ಬಾಯಾರ, ಅಪ್ಪ ಮೇಲ್ಮನೆಯನ್ನು ವಿಸರ್ಜನೆ ಮಾಡಾಕತ್ತಾನ. ಏನು ಮಾಡೂದು?’

ಕೆಂಪು ಪೆನ್ನು ಕೆಳಗಿಟ್ಟೆ. ಹುಡುಗಿಯನ್ನು ಕರೆದು ಕೇಳಿದೆ. ರವಿವಾರ ಆಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಉಗಾರ ಬುದ್ರುಕದ ಮಗಳ ಮನೆಗೆ ಬಿಟ್ಟು ಬರುವುದಂತೆ. ಒಂದು ತಿಂಗಳು ಅಲ್ಲೇ ಆರಾಮ ಇರಲಿ ಅಂತ. ಅಷ್ಟರೊಳಗೆ ಇಲ್ಲಿ ಎಮ್ಮೆ ಹೊರಟು ಹೋಗುತ್ತದೆ.

“ಮೇಲ್ಮನಿ ಶಾಶ್ವತ ಸದನ ಐತಿ, ವಿಸರ್ಜನಾ ಮಾಡಾಕ ಬರಂಗಿಲ್ಲ ಅಂತ ಹೇಳ ನಿಮ್ಮಪ್ಪಗ” ಎಂದೆ. ನನ್ನ ದನಿ ಅಷ್ಟು ಜೋರಾಗಿತ್ತೆಂದು ನನಗೇ ಗೊತ್ತಾಗಲಿಲ್ಲ, ಪಕ್ಕದ ವರ್ಗದ ಪಾಠ ನಿಂತಿತು.

ಸೋಮವಾರ ಹುಡುಗಿ ಸುದ್ದಿ ತಂದಳು. ಆಯಿ ಜಗಳ ಮಾಡಲಿಲ್ಲವಂತೆ. ಹೊಸ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು, ಸೀದಾ ಇಳಿದು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳಂತೆ. ಮಗನಿಗೆ ನಂಬಿಕೆ ಬರಲಿಲ್ಲ. ಖುಷಿಯಿಂದ ಕಾರು ಚಾಲೂ ಮಾಡಿದ.

“ತಡಿ” ಎಂದಳಂತೆ ಆಯಿ, ಕೊಟ್ಟಿಗೆಯ ಕಡೆ ಕೈ ಮಾಡಿ. “ಇಕಿನ್ನ ಹಿಂದಿನ ಸೀಟಿನಾಗ ಹತ್ತಸು. ಆಮ್ಯಾಲ ಹೋಗೂಣು.”

೪. ಬಿಲ್ಲು

ಕಾರ್ಖಾನೆಗಳ ಚಿಮಣಿ ಹೊಗೆಯಾಡಲು ಶುರುವಾಗಿತ್ತು. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು, ನನ್ನ ಬಸ್ಸು ದಿನಾ ತಡ. ಹಾಗೆ ತಡವಾಗಿ ಬಂದ ಒಂದು ದಿನ ಸ್ಟಾಫ್‌ರೂಮಿನಲ್ಲಿ ಹುಡುಗಿಯ ಅಪ್ಪ ಕೂತಿದ್ದ. ಅಂಗಿಗೆಲ್ಲ ಕಬ್ಬಿನ ರವದಿ, ಒಣಗರಿಯ ಚೂರು.

“ಬಾಯಾರ, ಬಿಲ್ ವಿಷಯ ಮಾತಾಡೂದೈತ್ರಿ.”

ನಮ್ಮ ಕಡೆ ಬಿಲ್ಲು ಎಂದರೆ ಒಂದೇ, ಕಬ್ಬಿನ ಬಿಲ್ಲು, ಕಾರ್ಖಾನೆ ಹದಿನಾಲ್ಕು ದಿನದೊಳಗೆ ರೈತನಿಗೆ ಕೊಡಬೇಕಾದ ದುಡ್ಡು. ಹೆಡ್‌ಮಾಸ್ತರರು ತಮ್ಮ ಕೋಣೆಯಿಂದಲೇ, “ಅದು ಇಲ್ಲಿ ಸಿಗಂಗಿಲ್ರಿ, ಕಾರ್ಖಾನೆಗೆ ಹೋಗ್ರಿ” ಎಂದರು.

“ಆ ಬಿಲ್ ಅಲ್ರಿ. ಮಗಳ ಪುಸ್ತಕದಾಗಿಂದು.” ಜೇಬಿನಿಂದ ಮಡಚಿದ ಚೀಟಿ ತೆಗೆದ. “ಹಣಕಾಸಿನ ಬಿಲ್ ಆದ್ರ ಮ್ಯಾಲಿನ ಮನಿ ಹದಿನಾಲ್ಕ ದಿನದ ಮ್ಯಾಲ ಇಟ್ಕೊಳ್ಳಾಕ ಬರಂಗಿಲ್ಲ ಅಂತ ಐತಿ. ಅವರು ಒಪ್ಪಲಿ ಬಿಡಲಿ, ಪಾಸ್ ಆದಂಗ. ಹೌದಲ್ರಿ?”

“ಹೌದು” ಎಂದೆ.

“ಎಮ್ಮಿ ಮಾರಿದ್ರ ರೊಕ್ಕ ಬರ್ತೈತಿ. ಹಂಗಾರ ಎಮ್ಮಿ ಮಸೂದಿ ಹಣಕಾಸಿನ ಮಸೂದಿ ಆತಲ್ರಿ?”

ದಿಲ್ಲಿಯಲ್ಲಿ ದೊಡ್ಡ ದೊಡ್ಡ ವಕೀಲರು ವಾದ ಮಾಡುವ ವಿಷಯ. ಇವನು ಕಬ್ಬು ಕಡಿಯುತ್ತ ಕಂಡುಹಿಡಿದಿದ್ದ. ಸಮಯ ಸಿಗಲಿ ಎಂದು, “ಹಣಕಾಸಿನದು ಹೌದೋ ಅಲ್ಲೋ ಅಂತ ತೀರ್ಮಾನ ಮಾಡೂದು ಲೋಕಸಭೆ ಸ್ಪೀಕರ್ರಿ” ಎಂದೆ.

“ಸ್ಪೀಕರ್ ನಾನ ಅದೀನ್ರಿ. ಮನ್ಯಾಗ ಹಿರೇಮಗ.”

ಎಮ್ಮೆ ಹೋಯಿತು ಎಂದೇ ಅಂದುಕೊಂಡೆ. ಪುಸ್ತಕ ಎಳೆದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಒಂದು ಪದ ಸಿಕ್ಕಿತು: ‘ಮಾತ್ರ’. ಹಣದ ವಿಷಯಗಳು ಮಾತ್ರ ಇದ್ದರೆ ಅದು ಹಣಕಾಸು ಮಸೂದೆ.

“ನೋಡ್ರಿ, ಮಾತ್ರ ಅಂತೈತಿ. ನಿಮ್ಮ ಎಮ್ಮಿ ಅಂದ್ರ ರೊಕ್ಕ ಮಾತ್ರ ಏನ್ರಿ? ಸಗಣಿ ಐತಿ, ಹೊಲಕ್ಕ ಗೊಬ್ಬರ ಐತಿ. ನಿಮ್ಮ ತಾಯಿ ಮಾತ ಕೇಳೂ ಎರಡ ಕಿವಿ ಅದಾವ. ಅವು ಹಣಕಾಸಿನ್ಯಾಗ ಬರ್ತಾವೇನು?”

ಅವನು ಚೀಟಿ ಮತ್ತೆ ಮಡಚಿದ. ಮೊಂಡನಾದರೂ ಮೋಸಗಾರನಲ್ಲ. “ಇಲ್ಲ ಬಿಡ್ರಿ” ಎಂದು ಎದ್ದ. ಬಾಗಿಲ ತನಕ ಹೋಗಿ ತಿರುಗಿ ನಿಂತ.

“ಹದಿನಾಲ್ಕ ದಿನ ಅಂತ ಓದಿದಾಗನ ನನಗ ಸಂಶಯ ಬರಬೇಕಿತ್ತು ಬಾಯಾರ. ನಮ್ಮ ಕಡೆ ಯಾವ ಬಿಲ್ ಹದಿನಾಲ್ಕ ದಿನದಾಗ ಬಂದೈತ್ರಿ?”

೫. ಜಂಟಿ ಅಧಿವೇಶನ

ಆರು ತಿಂಗಳು ತುಂಬಿದ ರವಿವಾರ ಮುಂಜಾನೆ ನನಗೆ ಕರೆ ಬಂತು. ಎರಡೂ ಕಡೆಯವರೂ ಕರೆದಿದ್ದರು, ಕಾಯದೆ ಹೇಳಿದವರು ನೀವು, ನೀವೇ ಬಂದು ಎಣಿಸಿರಿ ಎಂದು. ರಜೆಯ ದಿನ ಚಿಕ್ಕೋಡಿಯಿಂದ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಎಣಿಸುವುದೇನಿತ್ತು? ಅಪ್ಪ, ಅವ್ವ, ಕಾಕಾ, ಕಾಕು ನಾಲ್ಕು. ಆಯಿ ಒಂದು. ಹುಡುಗಿಗೆ ಹದಿನೆಂಟು ತುಂಬಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಎಮ್ಮೆ ಕೊಳ್ಳಲು ಕೊಗನೊಳ್ಳಿಯಿಂದ ದಲಾಲಿ ಬಂದಿದ್ದ, ಬಾಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಆಯಿ ಕೆಳಗಿಳಿದು ಎಮ್ಮೆಯ ಪಕ್ಕ ನಿಂತಿದ್ದಳು. ಆಕೆಯ ಕೈ ಎಮ್ಮೆಯ ಬೆನ್ನ ಮೇಲಿತ್ತು. ನಾನು ಆ ಕೈ ನೋಡಲಾರದೆ ಕಾರು ನೋಡಿದೆ.

ದಲಾಲಿ ಎಮ್ಮೆಯ ಸುತ್ತ ಬಂದ. ಹೊಟ್ಟೆ ಒತ್ತಿದ, ಬಗ್ಗಿ ಕೆಚ್ಚಲು ನೋಡಿದ, ನೆಟ್ಟಗೆ ನಿಂತ.

“ಹೀ ತರ ಗಾಭಣ ಆಹೇ” ಎಂದ. ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದ: “ಗಬ್ಬ ಐತ್ರಿ ಇದು. ಎಂಟ ದಿನದಾಗ ಈಯ್ತೈತಿ. ಗೊಡ್ಡ ಅಂತ ಯಾವ ಶಾಣ್ಯಾ ಹೇಳಿದ?”

ಹೇಳಿದ ಶಾಣ್ಯಾ ಬಾಯಿ ತೆರೆದುಕೊಂಡು ನಿಂತಿದ್ದ. ಕಾರು ಬಂದ ಮೇಲೆ ಅವನು ಕೊಟ್ಟಿಗೆಗೆ ಕಾಲಿಟ್ಟಿರಲಿಲ್ಲ, ಎಮ್ಮೆಯನ್ನು ನೋಡುತ್ತಿದ್ದುದು ಕಾರಿನ ಕನ್ನಡಿಯಲ್ಲಿ. ಆಯಿ ಮಾತ್ರ ಮಸೂದೆ ಹುಟ್ಟುವ ನಾಲ್ಕು ತಿಂಗಳು ಮೊದಲೇ ದನದ ಡಾಕ್ಟರನ್ನು ಕರೆಸಿ ಗಬ್ಬ ಕಟ್ಟಿಸುವ ಇಂಜೆಕ್ಷನ್ ಮಾಡಿಸಿದ್ದಳು. ನನ್ನ ತಲೆಯಲ್ಲಿ ಆಗ ಬೆಳಕು ಬಿತ್ತು. ಅವತ್ತು ಕಿಟಕಿಯಲ್ಲಿ ಗೆಣ್ಣು ಎಣಿಸಿದ್ದು ಇದನ್ನೇ. ನಾಲ್ಕಕ್ಕೆ ಆರು ಕೂಡಿಸಿದರೆ ಹತ್ತು, ಎಮ್ಮೆ ಈಯಲು ಬೇಕಾದಷ್ಟು ತಿಂಗಳು.

“ಡಬಲ್ ರೇಟ್ ಕೊಡ್ತೀನಿ” ಎಂದ ದಲಾಲಿ.

ಅಪ್ಪನಿಗೆ ಜೀವ ಬಂತು. “ಹಂಗಾರ ಇನ್ನೂ ಚಲೋ ಆತು. ಮಾರೂದ. ಬಾಯಾರ, ಎಣಸ್ರಿ. ಮಾರೂದಕ್ಕ ಕೈ ಎತ್ರಿ ಎಲ್ಲಾರೂ.”

ಅವನು ಎತ್ತಿದ. ಕಾಕಾ ಎತ್ತಿದ. ನಾನು ಉಳಿದೆರಡು ಕೈ ನೋಡುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿದೆ. ತೆರೆದಾಗಲೂ ಎರಡೇ ಕೈ ಇದ್ದವು. ಅವ್ವ ಬಳೆ ಸರಿಮಾಡಿಕೊಳ್ಳುತ್ತಿದ್ದಳು. ಕಾಕು ಆಕಾಶ ನೋಡುತ್ತಿದ್ದಳು.

“ಕೈ ಎತ್ರಿ ಅಂದ್ರ” ಎಂದ ಅಪ್ಪ. “ನೀವಿಬ್ರೂ ಕೆಳಮನಿಯವ್ರು.”

“ಹೌದು, ಕೆಳಮನಿಯವ್ರು” ಎಂದಳು ಅವ್ವ. “ದಿನಾ ಮುಂಜಾನೆ ಚಾಕ್ಕ ಹಾಲಿನ ಪಾಕೀಟ ತರಾಕ ಹೋಗೂ ಕೆಳಮನಿಯವ್ರು.”

“ಬ್ಯಾಡ ಅನ್ನೋರು?” ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಆಯಿಯ ಕೈ ಮೇಲೆ ಹೋಯಿತು, ಜೊತೆಗೆ ಇಬ್ಬರು ಸೊಸೆಯರದೂ. ಎಮ್ಮೆ ಗಬ್ಬವಿರುವುದು ಆ ಇಬ್ಬರಿಗೂ ಮೊದಲಿನಿಂದ ಗೊತ್ತಿತ್ತು. ಯಾರ ಸುದ್ದಿಯನ್ನು ಆಯಿ ಇಡೀ ಹಗಲು ಎಮ್ಮೆಗೆ ಹೇಳಿದ್ದಳೋ ಅವರೇ ಆಕೆಯ ಕಡೆ ನಿಂತಿದ್ದರು. ಮೂರಕ್ಕೆ ಎರಡು. ನನಗೆ ಅಳು ಬಂತು, ಹೆಡ್‌ಮಾಸ್ತರರಿಗೆ ಹೇಳಬೇಡಿ.

“ಬಾಯಾರ, ಇದಕ್ಕ ಏನಂತಾರ್ರಿ?” ಎಂದ ಅಪ್ಪ.

“ಅಡ್ಡಮತದಾನ” ಎಂದೆ. “ಎಮ್ಮಿ ಉಳೀತು.”

ದಲಾಲಿ ಚಹಾ ಕುಡಿದು ಹೊರಟ. ನಾನೂ ಚೀಲ ತೆಗೆದುಕೊಂಡೆ. ಆಯಿ ತಡೆದಳು.

“ಮಸೂದಿ ಮ್ಯಾಲಿನ ಮನ್ಯಾಗೂ ಹುಟ್ಟಬಹುದಂತಲ್ರಿ? ಹುಡುಗಿ ಓದಿ ಹೇಳಿದ್ಲು.”

“ಹೌದ್ರಿ ಆಯಿ. ಹಣಕಾಸಿಂದ ಒಂದ ಬಿಟ್ಟು.”

“ಹಂಗಾರ ನಂದೊಂದೈತಿ. ಬಾಣಂತಿ ಎಮ್ಮಿ ಚಾಕರಿ ನನ್ನ ಒಬ್ಬಾಕಿ ಕಡೆ ಆಗೂದಲ್ಲ. ನಾಳಿಂದ ಈ ಇಬ್ರು ಗಂಡಮಕ್ಕಳು ಪಾಳಿ ಮ್ಯಾಲ ಸಗಣಿ ಬಳೀಬೇಕು.”

ಜಂಟಿ ಅಧಿವೇಶನದಲ್ಲಿ ಹೊಸ ಮಸೂದೆ ತರುವಂತಿಲ್ಲ. ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಹೇಳಲು ಬಾಯಿ ತೆರೆದೆ. ಆಯಿ ನನ್ನತ್ತ ನೋಡಿದಳು, ಸೊಸೆಯರಿಬ್ಬರೂ ನೋಡಿದರು. ಮುಚ್ಚಿದೆ. ಇಪ್ಪತ್ತು ವರ್ಷದಲ್ಲಿ ಗೊತ್ತಿದ್ದ ಉತ್ತರ ನುಂಗಿದ್ದು ಅದೇ ಮೊದಲು. ಮೂರು ಕೈ ಮೇಲೆ ಹೋದವು.

ಹಿರಿಯ ಮಗ ಕುರ್ಚಿಯಿಂದ ಎದ್ದೇಬಿಟ್ಟ. “ಇದು ನಡಿಯಂಗಿಲ್ಲ. ಸಗಣಿ ಮಾರಿದ್ರ ರೊಕ್ಕ ಬರ್ತೈತಿ. ಇದು ಹಣಕಾಸಿನ ಮಸೂದಿ, ಇದಕ್ಕ ಹದಿನಾಲ್ಕ ದಿನ ಅಷ್ಟ.”

“ಆತು” ಎಂದಳು ಆಯಿ, ಮೆಟ್ಟಿಲು ಹತ್ತುತ್ತ. “ಹದಿನಾಲ್ಕ ದಿನ ಬಳಿ.”

ಎಂಟು ದಿನಕ್ಕೆ ಸರಿಯಾಗಿ ಹುಡುಗಿ ಡಬ್ಬಿ ತುಂಬ ಗಿಣ್ಣ ತಂದು ನನ್ನ ಟೇಬಲ್ಲಿನ ಮೇಲಿಟ್ಟಳು. ಎಮ್ಮೆ ಈದಿತ್ತು, ಹೆಣ್ಣುಕರು. ಹೆಡ್‌ಮಾಸ್ತರರು ಚಮಚ ಹಿಡಿದು ಆಗಲೇ ಬಂದಿದ್ದರು.

“ನಿಮ್ಮಪ್ಪ ಹೆಂಗದಾನವಾ?” ಎಂದು ಕೇಳಿದೆ.

“ದಿನಾ ಸಗಣಿ ಬಳದು, ಹದಿನಾಲ್ಕಕ್ಕ ಎಷ್ಟ ಉಳೀತು ಅಂತ ಕೇಳಾಕತ್ತಾನ್ರಿ” ಎಂದಳು. “ಆದ್ರ ಕ್ಯಾಲೆಂಡರ್ ಆಯಿ ಮ್ಯಾಲಿನ ಮನಿಗೆ ಒಯ್ದಾಳ.”